ನೆಟ್ಟಗೆ ಕೂತವನಿಗೆ ರೋಗವಿಲ್ಲ

ತಮ್ಮನಿಗೆ ಅಂಗಿ ಇಸ್ತ್ರಿ ಮಾಡಿ ಕೊಟ್ಟದ್ದೇ ಶಿವಕ್ಕನ ತಪ್ಪಾಯಿತು.

ನಗಬೇಡಿ. ಹರಕು ಅಂಗಿ ಹಾಕ್ಕೊಂಡು, ತಲೆ ಕೆದರಿಕೊಂಡು, ಬಾಯಿಗೆ ಬಂದದ್ದು ಬಡಬಡಿಸಿದ್ದರೆ ಸಿದ್ಧಾರೂಢ ಇವತ್ತು ಆಸ್ಪತ್ರೆಯ ಹಾಸಿಗೆ ಮೇಲೆ ಇರುತ್ತಿದ್ದನೋ ಏನೋ. ಅವನು ಚೊಕ್ಕ ಅಂಗಿ ತೊಟ್ಟ. ನೆಟ್ಟಗೆ ಕೂತ. ಕೇಳಿದ್ದಕ್ಕೆಲ್ಲ ಸರ್ ಅಂದ. ಜೈಲಿಗೆ ಹೋದ.

ಶಿವಕ್ಕ ಡಚ್ಚರ ದೇಶದ ಬಾಡ್‌ಹೂವೆಡಾರ್ಪಿನ ಒಂದು ಹೋಟೆಲಿನಲ್ಲಿ ರೂಮು ತೊಳೆಯುವ ಕೆಲಸದವಳು. ವಿಮಾನ ನಿಲ್ದಾಣದ ಮಗ್ಗುಲಿಗೇ ಅಂಟಿಕೊಂಡ ಊರು. ಬರುವವರು ಒಂದು ರಾತ್ರಿ ಮಲಗಿ ಎದ್ದು ಹೋಗುತ್ತಾರೆ. ಅವರು ಬಿಟ್ಟು ಹೋದದ್ದನ್ನು ಇವಳು ಎತ್ತುತ್ತಾಳೆ. ಒದ್ದೆ ಟವಲು, ಮೋರಿಗೆ ಸಿಕ್ಕ ಕೂದಲು, ವಾಂತಿ, ರಕ್ತ. ಅವಳಷ್ಟೇ ಭಾರದ ಹಾಸಿಗೆಯ ಮೂಲೆ ಎತ್ತಿ ಎತ್ತಿ ಬಲಗೈಯ ಮಣಿಕಟ್ಟು ಊದಿಕೊಂಡು ಇಳಿಯುವುದನ್ನೇ ಮರೆತಿದೆ. ರೋಣದ ಕಡೆಯ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ ಹುಟ್ಟಿದವಳು. ಅಲ್ಲಿ ಅವಳವ್ವ ಗೌಡರ ದನದ ಕೊಟ್ಟಿಗೆ ಬಳಿದಳು. ಇಲ್ಲಿ ಮಗಳು ಕಂಡಕಂಡವರ ಪಾಯಿಖಾನೆ ತಿಕ್ಕುತ್ತಾಳೆ. ಅಲ್ಲಿ ಅದಕ್ಕೆ ಹಣೆಬರಹ ಅನ್ನುತ್ತಿದ್ದರು. ಇಲ್ಲಿ ಹೌಸ್‌ಕೀಪಿಂಗ್ ಅನ್ನುತ್ತಾರೆ, ಕೈಗೆ ಗ್ಲೌಸ್ ಕೊಡುತ್ತಾರೆ.

ಗಂಡ ನಾಗಪ್ಪ ಎಂಜಿನಿಯರು. ವಿಮಾನದ ಬಿಡಿಭಾಗ ಪರೀಕ್ಷಿಸುವ ಒಂದು ಕಂಪನಿಯಲ್ಲಿ ಅವನಿಗೆ ಕೆಲಸ. ಅವನ ವೀಸಾದ ಬೆನ್ನಿಗೆ ಇವಳು ಬಂದಳು. ಹತ್ತನೇ ಇಯತ್ತೆ ಓದಿದವಳಿಗೆ ಸಿಕ್ಕದ್ದು ಈ ಬ್ರಷ್ಷು, ಈ ಬಕೆಟ್ಟು. ಹತ್ತನೇ ಇಯತ್ತೆಗೆ ಯಾಕೆ ನಿಂತಿತು ಅಂದರೆ, ತಮ್ಮ ಓದಬೇಕಿತ್ತು. ಅವಳಿಗಿಂತ ಹತ್ತು ವರ್ಷ ಸಣ್ಣವನು. ಗೋದಾಮಿನಲ್ಲಿ ಕೂತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿದು ಅವನನ್ನು ಓದಿಸಿದಳು. ಸಂಜೆ ಮನೆಗೆ ಬಂದರೆ ಅವನ ಕೆನ್ನೆ ಸವರುವ ಹಾಗಿರಲಿಲ್ಲ. ಕೈ ಖಾರ. ಕೂಸು ಕಿರುಚುತ್ತಿತ್ತು. ಅವ್ವ ಕೊಟ್ಟಿಗೆಗೆ ಹೋದರೆ ಇವನಿಗೆ ಅವ್ವ ಅಪ್ಪ ಎಲ್ಲಾ ಇವಳೇ.

ಓದಿಸಿದಳು ಅಂದರೆ ಬರೀ ಫೀ ಕಟ್ಟಿದಳು ಅಂತಲ್ಲ. ಒಂದು ವಿದ್ಯೆ ಕಲಿಸಿದಳು. ದಿನಾ ಸಾಲಿಗೆ ಹೋಗುವಾಗ ಅವನನ್ನು ನಿಲ್ಲಿಸಿ, ತಲೆಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಹಿತ್ತಾಳೆ ಚರಿಗೆಗೆ ಕೆಂಡ ತುಂಬಿ ಅಂಗಿ ಇಸ್ತ್ರಿ ಮಾಡಿ ತೊಡಿಸಿ ಹೇಳುತ್ತಿದ್ದಳು: ನೆಟ್ಟಗೆ ಕೂಡು, ಮಾಸ್ತರು ಕೇಳಿದ್ದಕ್ಕೆ ತಟ್ಟನೆ ಹೇಳು, ಯಾರರೆ ಹೀಯಾಳಿಸಿದರೆ ತಿರುಗಿ ಆಡಬೇಡ, ಎಲ್ಲಾ ಆರಾಮ ಐತಿ ಅನ್ನು. ನಮ್ಮನ್ನು ಹೊಲಸು ಅನ್ನಲಿಕ್ಕೆ ಅವರು ಕಾಯ್ದುಕೊಂಡೇ ಕೂತಿರುತ್ತಾರೆ, ಆ ಸಂದು ಅವರಿಗೆ ಕೊಡಬಾರದು. ಕೇರಿಯವರ ಮಕ್ಕಳೆಲ್ಲ ಬಾಗಿಲ ಬಳಿ ಕೂತರೆ ಸಿದ್ದು ಮೊದಲನೇ ಬೆಂಚಿಗೆ ಬಂದ. ಅಲ್ಲಿಂದ ಹುಬ್ಬಳ್ಳಿಗೆ, ಎಂ.ಟೆಕ್ಕಿಗೆ. ಈ ವಿದ್ಯೆ ಎಲ್ಲಾ ಕಡೆ ನಡೆಯುತ್ತದೆ ಅಂತ ಶಿವಕ್ಕ ನಂಬಿದಳು. ನಂಬದೆ ಏನು ಮಾಡ್ತಾಳೆ, ಅವಳ ಕೈಯಲ್ಲಿದ್ದದ್ದೇ ಅದೊಂದು.

ಹುಬ್ಬಳ್ಳಿಯಲ್ಲೇ ಮೊದಲ ಸಲ ಅವನ ತಲೆ ಕೆಟ್ಟದ್ದು. ಹಾಸ್ಟೆಲಿನ ಫ್ಯಾನು ತನ್ನ ಮಾತು ಕದಿಯುತ್ತಿದೆ ಅಂತ ರೂಮು ಬಿಟ್ಟು ನೀರಿನ ಟಾಕಿಯ ಮೇಲೆ ಹತ್ತಿ ಕೂತ. ಎರಡು ದಿನ ಅನ್ನ ಇಲ್ಲ, ನೀರಿಲ್ಲ. ಶಿವಕ್ಕ ಹೋಗಿ ಹತ್ತಿ ಕೆಳಗೆ ಎಳೆದಾಗ ಅವಳ ಮುಂಗೈ ಕಚ್ಚಿದ. ರಕ್ತ ಬರುವ ಹಾಗೆ ಕಚ್ಚಿದ. ಅವಳು ಬಿಡಲಿಲ್ಲ. ಧಾರವಾಡದ ಹುಚ್ಚರ ಆಸ್ಪತ್ರೆಗೆ ಒಯ್ದರು. ಅಲ್ಲಿ ಚೀಟಿ ಬರೆಸುವಾಗ ಅವ್ವ ತಟ್ಟನೆ ಬೇರೆ ಹೆಸರು ಹೇಳಿಬಿಟ್ಟಳು. ಮಲ್ಲೇಶಿ, ಅಂದಳು. ದೊಡ್ಡಪ್ಪನ ಮಗನ ಹೆಸರು. ಶಿವಕ್ಕ ಬಾಯಿ ಮುಚ್ಚಿಕೊಂಡು ನಿಂತಳು. ನಾಳೆ ನೌಕರಿ ಸಿಗಬೇಕು, ಹೆಣ್ಣು ಸಿಗಬೇಕು. ಕೇರಿಯ ಹುಡುಗ ಅಂತ ಒಂದು ಹೆಸರು ಆಗಲೇ ಬಿದ್ದಿದೆ. ಅದರ ಮೇಲೆ ಹುಚ್ಚ ಅಂತ ಇನ್ನೊಂದು ಬಿದ್ದರೆ ಅವನು ಬದುಕುವುದು ಹೇಗೆ? ಎಷ್ಟು ಮನೆಯವರು ಹೀಗೆ ಮಾಡುತ್ತಾರೆ, ಆ ಆಸ್ಪತ್ರೆಯ ಬಾಗಿಲಲ್ಲಿ ಒಂದು ದಿನ ನಿಂತು ನೋಡಿ. ಬರುವವರಲ್ಲಿ ಅರ್ಧಕ್ಕರ್ಧ ಮಂದಿ ತಮ್ಮ ಹೆಸರು ಮನೆಯಲ್ಲಿ ಬಿಟ್ಟು ಬಂದವರೇ.

ಗುಳಿಗೆ ಹತ್ತಿತು. ಹುಡುಗ ಸರಿಯಾದ. ಓದು ಮುಗಿಸಿದ, ನೈಮೆಗನ್ನಿನ ಒಂದು ಚಿಪ್ ಕಂಪನಿಗೆ ಆಯ್ಕೆಯಾದ. ಅಕ್ಕ ಇದ್ದ ದೇಶಕ್ಕೇ ಬಂದ. ಗುಳಿಗೆ ಮಾತ್ರ ಊರಿಂದಲೇ. ಅವ್ವ ಧಾರವಾಡಕ್ಕೆ ಹೋಗಿ ಮಲ್ಲೇಶಿಯ ಹೆಸರಿನಲ್ಲಿ ತರುತ್ತಿದ್ದಳು. ಹಾಳೆಯಿಂದ ಬಿಡಿಸಿ ಕ್ಯಾಲ್ಸಿಯಂ ಡಬ್ಬಿಗೆ ತುಂಬಿ, ಶೇಂಗಾ ಚಟ್ನಿಪುಡಿಯ ಚೀಲದೊಳಗೆ ಹುದುಗಿಸಿ, ಈ ಕಡೆ ಓದಲಿಕ್ಕೆ ಬರುವ ಹುಡುಗರ ಕೈಯಲ್ಲಿ ಕಳಿಸುತ್ತಿದ್ದಳು. ತಂದವರಿಗೆ ಗೊತ್ತಿಲ್ಲ, ಕಂಪನಿಗೆ ಗೊತ್ತಿಲ್ಲ, ಇಲ್ಲಿನ ಒಬ್ಬ ಡಾಕ್ಟರಿಗೂ ಗೊತ್ತಿಲ್ಲ. ನಾಗಪ್ಪನೇ ಖಡಕ್ಕಾಗಿ ಹೇಳಿದ್ದ, ಇಲ್ಲಿ ಡಾಕ್ಟರಿಗೆ ಹೇಳಿದರೆ ಕಂಪ್ಯೂಟರಿಗೆ ಹೋಗುತ್ತದೆ, ಕಂಪ್ಯೂಟರಿಗೆ ಹೋದರೆ ವೀಸಾಕ್ಕೆ ಹೋಗುತ್ತದೆ ಅಂತ. ಖರೆಯೋ ಸುಳ್ಳೋ ಯಾರಿಗೆ ಗೊತ್ತು. ಅಂಜಿಕೆ ಮಾತ್ರ ಖರೆ.

ನಾಗಪ್ಪನದೂ ಅದೇ ಬದುಕು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋದರೆ ನಿಮ್ಮ ಕಡೆ ಯಾರು, ಯಾವ ಮನೆತನ ಅಂತ ಸುತ್ತಿ ಬಳಸಿ ಕೇಳುತ್ತಿದ್ದರು. ಅವನು ಗದಗದ ಕಡೆ ಅಂತ ಹೇಳಿ ತಟ್ಟೆ ಹಿಡಕೊಂಡು ಮೂಲೆಗೆ ಸರಿಯುತ್ತಿದ್ದ. ಶಿವಕ್ಕ ಯಾರೂ ಹೇಳದೆ ಹೋಗಿ ಪಾತ್ರೆ ತೊಳೆಯಲಿಕ್ಕೆ ನಿಲ್ಲುತ್ತಿದ್ದಳು. ಒಂದನ್ನು ಮುಚ್ಚಿಟ್ಟು ಬದುಕುವವರಿಗೆ ಇನ್ನೊಂದು ಮುಚ್ಚಿಡುವುದು ಏನು ಭಾರ?

ಆಮೇಲೆ ಆ ಚಿಪ್ ಕಂಪನಿಯಲ್ಲಿ ಮಂದಿ ಕಡಿಮೆ ಮಾಡಿದರು. ಹೊರಗೆ ಹೋದವರಲ್ಲಿ ಸಿದ್ಧಾರೂಢನೂ ಒಬ್ಬ. ಅಕ್ಕನಿಗೆ ಹೇಳಲಿಲ್ಲ. ಡೀಮೆನ್ ಅನ್ನುವ ಊರಿನಲ್ಲಿ ಒಂದು ಸಣ್ಣ ರೂಮು ಹಿಡಿದ. ಬೇರೆ ನೌಕರಿ ಹುಡುಕಲಿಕ್ಕೆ ಸರ್ಕಾರ ಕೊಟ್ಟ ತಿಂಗಳುಗಳು ಮುಗಿದವು, ಇರುವ ಪರ್ಮಿಟ್ಟೂ ಮುಗಿಯಿತು. ಗುಳಿಗೆಯಿಂದಲೇ ತಾನು ಮಂದ ಆದೆ, ಅದಕ್ಕೇ ಕೆಲಸ ಹೋಯಿತು ಅಂತ ತಾನೇ ತೀರ್ಮಾನ ಮಾಡಿ ನುಂಗುವುದು ನಿಲ್ಲಿಸಿದ. ನೋಡುವ ಡಾಕ್ಟರಿದ್ದರೆ ಗೊತ್ತಾಗುತ್ತಿತ್ತು. ಡಾಕ್ಟರು ಎಲ್ಲಿದ್ದ? ರವಿವಾರ ಅಕ್ಕ ಫೋನು ಮಾಡಿದರೆ ಎಲ್ಲಾ ಆರಾಮ ಐತಿ ಅನ್ನುತ್ತಿದ್ದ.

ಒಂದು ಮಧ್ಯಾಹ್ನ ಡೀಮೆನ್ನಿನ ಸೂಪರ್‌ಮಾರ್ಕೆಟ್ಟಿಗೆ ಹೋಗಿದ್ದಾನೆ. ನಾವೇ ಸ್ಕ್ಯಾನ್ ಮಾಡಿ ನಾವೇ ದುಡ್ಡು ಕೊಡುವ ಮಷೀನು. ಅದರ ನೆತ್ತಿಯ ಮೇಲೆ ನಮ್ಮ ಮುಖ ನಮಗೇ ತೋರಿಸುವ ಕ್ಯಾಮೆರಾ. ಅದನ್ನು ನೋಡುತ್ತಾ ನಿಂತುಬಿಟ್ಟಿದ್ದಾನೆ. ಗಾರ್ಡು ಬಂದು ಚೀಲ ತೋರಿಸಿ ಅಂದ. ಇವನು ಗಾಜಿನ ಬಾಟಲಿ ತೆಗೆದು ಅವನ ಮುಖಕ್ಕೆ ಹೊಡೆದ. ಕೆನ್ನೆಯ ಎಲುಬು ಮುರಿಯಿತು. ಆ ಗಾರ್ಡೂ ಪಾಪ ಹೊಟ್ಟೆಪಾಡಿಗೆ ನಿಂತವನು, ಎರಡು ಹೆಣ್ಣುಮಕ್ಕಳ ತಂದೆ. ಅವನದೇನು ತಪ್ಪು? ಏನೂ ಇಲ್ಲ. ಶಿವಕ್ಕನೂ ಅದನ್ನೇ ಹೇಳುತ್ತಾಳೆ.

ಪೊಲೀಸರ ಫೋನು ಬಂದಾಗ ಅವಳು ಹೋಟೆಲಿನ ಮೂರನೇ ಮಹಡಿಯಲ್ಲಿ ಪಾಯಿಖಾನೆಯ ಮುಂದೆ ಮೊಣಕಾಲೂರಿ ಕೂತಿದ್ದಳು. ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: ನಿಮ್ಮ ತಮ್ಮನಿಗೆ ಮನಸ್ಸಿನ ಕಾಯಿಲೆ ಏನಾದರೂ ಇದೆಯೇ, ಹಿಂದೆ ಇತ್ತೇ? ಹೂಂ ಅಂದರೆ ಹುಚ್ಚರ ಆಸ್ಪತ್ರೆಗೆ ಹಾಕಿ ಜನ್ಮಕ್ಕೂ ಬಿಡುವುದಿಲ್ಲ ಅನ್ನಿಸಿತು. ಅವಳ ಊರಿನಲ್ಲಿ ಹುಚ್ಚು ಹಿಡಿದವನನ್ನು ಗುಡಿಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ್ದನ್ನು ನೋಡಿದವಳು. ನೋ ಸರ್, ಅಂದಳು. ಗುಡ್ ಬಾಯ್ ಸರ್. ಎಂಜಿನಿಯರ್ ಸರ್.

ಚೊಲೋ ಹೇಳಿದಿ, ಅಂದ ನಾಗಪ್ಪ ಸಂಜೆ. ತನ್ನ ಹೆಸರು ಮಾತ್ರ ಎಲ್ಲೂ ಎತ್ತಬಾರದು, ಕಂಪನಿಗೆ ಗೊತ್ತಾಗಬಾರದು ಅಂತಲೂ ಅಂದ.

ಜೈಲಿನಲ್ಲಿ ಭೇಟಿಗೆ ಬಿಟ್ಟಾಗ ಶಿವಕ್ಕ ಬಿಳಿ ಅಂಗಿ ಇಸ್ತ್ರಿ ಮಾಡಿ ಒಯ್ದಳು. ತಮ್ಮನ ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು. ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ, ಇಲ್ಲಿ ಮಾಳಿಗಿ ಕೇಳತೈತಿ ಅಕ್ಕಾ, ಲೈಟಿನ್ಯಾಗ ಅದಾರ. ಅವಳಿಗೆ ಹಾಸ್ಟೆಲಿನ ಫ್ಯಾನು ನೆನಪಾಯಿತು. ಆದರೆ ಮಾರನೇ ದಿನ ಒಬ್ಬ ಮನೋವೈದ್ಯ ಇವನನ್ನು ಮಾತಾಡಿಸಲಿಕ್ಕೆ ಬರುವವನಿದ್ದ. ಅದೂ ಒಂದು ಪರೀಕ್ಷೆ. ಪರೀಕ್ಷೆಗೆ ತಮ್ಮನನ್ನು ತಯಾರು ಮಾಡುವುದು ಅವಳಿಗೆ ಹೊಸದೇ?

"ಕೇಳಿದರ ಕೇಳವಲ್ದ್ಯಾಕ," ಅಂದಳು. "ನೀ ಅದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ಗಡ್ಡ ಮಾಡ್ಕೊ. ಈ ಅಂಗಿ ಹಾಕ್ಕೊ. ನೆಟ್ಟಗ ಕೂತು, ನಾ ಆರಾಮ ಅದೀನ್ರಿ ಸರ್ ಅನ್ನು. ತಿಳೀತ ಯಪ್ಪಾ?"

ಅವನು ಸಣ್ಣ ಹುಡುಗನ ಹಾಗೆ ತಲೆ ಆಡಿಸಿದ.

ಚಂದಾಗಿ ಪಾಸಾದ. ವೈದ್ಯ ಒಂದು ತಾಸು ಮಾತಾಡಿಸಿ ಹೋಗಿ ಬರೆದ: ಶಿಸ್ತಿನ ಉಡುಪು, ಸೌಜನ್ಯದ ಮಾತು, ದಿನ ವಾರ ಎಲ್ಲಾ ಗೊತ್ತು, ರೋಗದ ಲಕ್ಷಣ ಕಾಣಲಿಲ್ಲ.

ಸರ್ಕಾರ ಕೊಟ್ಟ ವಕೀಲೆ ಮರೈಕೆ ಅನ್ನುವ ಎಳೆಯ ಹೆಂಗಸು. ಒಳ್ಳೆಯವಳು. ಶಿವಕ್ಕನಿಗೆ ತಿಳಿಯಲಿ ಅಂತ ಇಂಗ್ಲಿಷನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದಳು. ವೈದ್ಯನ ವರದಿ ಬಂದ ಮೇಲೆ ಕರೆಸಿ ಹೇಳಿದಳು. ಈ ದೇಶದಲ್ಲಿ ಒಂದು ದಾರಿ ಇದೆ. ತಪ್ಪು ಮಾಡಿದವನು ರೋಗದಿಂದ ಮಾಡಿದ ಅಂತ ತೋರಿಸಿದರೆ, ಜಡ್ಜು ಜೈಲಿನ ಬದಲು ಚಿಕಿತ್ಸೆಗೆ ಕಳಿಸಬಹುದು. ನಿಮ್ಮ ತಮ್ಮನನ್ನು ನೋಡಿದಾಗ ನನಗೆ ಅನುಮಾನ ಇತ್ತು, ಈಗ ವರದಿ ಏನೂ ಇಲ್ಲ ಅಂತಿದೆ.

ಶಿವಕ್ಕ ಕುರ್ಚಿಯ ಕೈ ಗಟ್ಟಿ ಹಿಡಕೊಂಡಳು. ಜೈಲಿನ ಬದಲು ಆಸ್ಪತ್ರೆ. ಅಂಥದೊಂದು ಬಾಗಿಲು ಲೋಕದಲ್ಲಿ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಇದ್ದ ಬಾಗಿಲಿಗೆ ತಾನೇ ಕೈಯಾರೆ ಚಿಲಕ ಹಾಕಿ ಬಂದಿದ್ದಳು.

ಎಲ್ಲಾ ಕಕ್ಕಿದಳು. ಟಾಕಿ, ಧಾರವಾಡ, ಮಲ್ಲೇಶಿ, ಚಟ್ನಿಪುಡಿ. ಡೀಮೆನ್ನಿನ ರೂಮಿನಿಂದ ತಂದಿದ್ದ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಮರೈಕೆ ತೆರೆದು ನೋಡಿದಳು. ಬಿಳಿ ಗುಳಿಗೆ, ಹೆಸರಿಲ್ಲ, ಚೀಟಿಯಿಲ್ಲ. ಊರಿಗೆ ಫೋನು ಹೋಯಿತು. ಸೋದರಮಾವನ ಮಗ ವಿರೂಪಾಕ್ಷ ಸಾಲಿಮಾಸ್ತರ. ಅವನು ಅವ್ವನನ್ನು ಕರಕೊಂಡು ಧಾರವಾಡಕ್ಕೆ ಹೋದ. ಡಾಕ್ಟರು ಎಲ್ಲಾ ಕೇಳಿಸಿಕೊಂಡು, ನಾನು ಮಲ್ಲೇಶಿಗೆ ಔಷಧ ಕೊಟ್ಟದ್ದು ನಿಜ, ಸಿದ್ಧಾರೂಢ ಯಾರು ಅಂತ ನನಗೆ ಗೊತ್ತಿಲ್ಲ, ಕೋರ್ಟಿಗೆ ಸುಳ್ಳು ಬರೆದು ಕೊಡಲಾರೆ ಅಂದರು. ಅವ್ವ ಅಲ್ಲೇ ಕಾಲು ಹಿಡಿದಳಂತೆ. ಅವರಾದರೂ ಏನು ಮಾಡ್ತಾರೆ.

ಇಷ್ಟರ ಮೇಲೆ ಪರ್ಮಿಟ್ಟು. ಮರೈಕೆ ಇದನ್ನು ಹೇಳುವಾಗ ಶಿವಕ್ಕನ ಮುಖ ನೋಡಲಿಲ್ಲ. ರೋಗ ಇದೆ ಅಂತ ಸಾಬೀತಾದರೂ ದಾರಿ ಅಲ್ಲಿಗೇ ಮುಗಿಯುತ್ತದೆ ಅಂದಳು. ಹೊರಗೆ ಚಿಕಿತ್ಸೆಗೆ ಕಳಿಸಬೇಕಾದರೆ ಅವನ ಮೇಲೆ ಕಣ್ಣಿಡುವ ಇಲಾಖೆ ಒಪ್ಪಬೇಕು. ದೇಶದಲ್ಲಿ ಇರುವ ಹಕ್ಕಿಲ್ಲದವನನ್ನು ಅವರು ಕೈಗೆತ್ತಿಕೊಳ್ಳುವುದಿಲ್ಲ. ಅವರು ಕೈಗೆತ್ತಿಕೊಳ್ಳದವನಿಗೆ ಆಸ್ಪತ್ರೆಯವರು ಹಾಸಿಗೆ ಕೊಡುವುದಿಲ್ಲ. ನಾಲ್ಕು ಕಡೆ ಕೇಳಿದ್ದಳಂತೆ, ನಾಲ್ಕೂ ಕಡೆ ಅದೇ ಉತ್ತರ.

"ಜೈಲಿಗೆ?" ಅಂತ ಕೇಳಿದಳು ಶಿವಕ್ಕ. "ಜೈಲಿಗೆ ಪರ್ಮಿಟ್ ಬೇಕಾ?"

ಮರೈಕೆ ಇಲ್ಲ ಅಂತ ತಲೆ ಆಡಿಸಿದಳು. ಜೈಲಿನಲ್ಲೂ ವೈದ್ಯರಿದ್ದಾರೆ, ಅವನು ಕೇಳಿದರೆ ನೋಡುತ್ತಾರೆ ಅಂದಳು. ಅವನು ಕೇಳುವುದಿಲ್ಲವಲ್ಲ. ಆರಾಮ ಇದ್ದೇನೆ ಅನ್ನುವುದನ್ನು ಅಕ್ಕನೇ ಅವನಿಗೆ ಹಾಲು ಕುಡಿಸಿದ ಹಾಗೆ ಕುಡಿಸಿ ಬೆಳೆಸಿದ್ದಾಳೆ. ಸುಟ್ಟು ಬರಲಿ ಇವರ ಕಾಯ್ದೆ. ರೋಗ ಬರುವಾಗ ಪರ್ಮಿಟ್ ನೋಡಿ ಬರುತ್ತದೆಯೇ?

ಆದರೂ ಮರೈಕೆ ಸೋಲೊಪ್ಪಲಿಲ್ಲ. ಇನ್ನೊಮ್ಮೆ ಬೇರೆ ವೈದ್ಯರಿಂದ ಪರೀಕ್ಷೆ ಆಗಲಿ ಅಂತ ಕೋರ್ಟಿಗೆ ಕೇಳುತ್ತೇನೆ, ನೀವು ನಿಂತು ಎಲ್ಲಾ ಹೇಳಬೇಕು ಅಂದಳು. ಉಳಿದದ್ದು ಅದೊಂದೇ. ಶಿವಕ್ಕ ಹೋಟೆಲಿನಲ್ಲಿ ರಜೆ ಕೇಳಿದಳು. ಯಾಕೆ ಅಂತ ಸೂಪರ್‌ವೈಸರ್ ಕೇಳಿದಾಗ ಹಲ್ಲುನೋವು ಅಂದಳು. ಅದೂ ಸುಳ್ಳು. ಅಭ್ಯಾಸ.

ಕೋರ್ಟು ಅಂದರೆ ಅವಳು ಅಂದುಕೊಂಡ ಹಾಗಿರಲಿಲ್ಲ. ಕೂಗಾಟ ಇಲ್ಲ, ದಫೇದಾರ ಇಲ್ಲ. ಹೋಟೆಲಿನ ಮೀಟಿಂಗ್ ರೂಮಿನ ಹಾಗೆ ಒಂದು ಕೋಣೆ. ನೆಲ ಲಕಲಕ ಹೊಳೆಯುತ್ತಿತ್ತು. ಯಾರು ಒರೆಸಿದ್ದಾರೋ, ಚೊಕ್ಕ ಒರೆಸಿದ್ದಾರೆ ಅಂತ ಅವಳ ಕಣ್ಣು ಮೊದಲು ಅಲ್ಲಿಗೇ ಹೋಯಿತು. ಜಡ್ಜು ನರೆತ ಕೂದಲಿನ ಹೆಂಗಸು. ಕನ್ನಡದಿಂದ ಡಚ್ಚಿಗೆ ಹೇಳಲಿಕ್ಕೆ ಕರೆಸಿದ್ದು ಪದ್ಮಿನಿಯನ್ನು. ಬೆಂಗಳೂರಿನವಳು, ಇಲ್ಲಿ ಬಂದು ಬಹಳ ವರ್ಷ ಆಯಿತು. ಸಂಘದ ಅಡುಗೆಮನೆಯಲ್ಲಿ ಶಿವಕ್ಕ ಪಾತ್ರೆ ತೊಳೆಯುವಾಗ, ನೀವು ಯಾವ ಪೈಕಿ ಅಂತ ನಗುನಗುತ್ತಾ ಕೇಳಿದ್ದವಳು ಇವಳೇ. ಇನ್ನು ಸಂಘಕ್ಕೆಲ್ಲ ಗೊತ್ತಾಗುತ್ತದೆ. ಆಗಲಿ ಅಂದುಕೊಂಡಳು, ಮರ್ಯಾದೆ ಮೂರಾಬಟ್ಟೆ ಆದರೂ ಆಗಲಿ, ತಮ್ಮನಿಗೆ ಒಂದು ಹಾಸಿಗೆ ಸಿಗಲಿ.

ಸಿದ್ಧಾರೂಢನನ್ನು ಕರೆತಂದರು. ಬಿಳಿ ಅಂಗಿ. ನೀಟಾದ ಬೈತಲೆ. ನೆಟ್ಟಗೆ ಕೂತ. ಇನ್ನೇನು ಸನ್ಮಾನ ಮಾಡಿಸಿಕೊಳ್ಳಲಿಕ್ಕೆ ಬಂದವನ ಹಾಗೆ ಕಂಡ.

ಮರೈಕೆ ಮಾತಾಡಿದಳು. ಸರ್ಕಾರಿ ವಕೀಲ ಎದ್ದು ಇರುವ ವರದಿ ಸಾಕು, ಇರಲು ಹಕ್ಕಿಲ್ಲದವನಿಗೆ ಮತ್ತೊಂದು ಪರೀಕ್ಷೆ ಮಾಡಿಸಿ ಏನು ಪ್ರಯೋಜನ ಅಂದ. ಜಡ್ಜು ಶಿವಕ್ಕನ ಕಡೆ ತಿರುಗಿ, ಹೇಳುವುದಿದ್ದರೆ ಹೇಳಿ ಅಂದಳು.

ಶಿವಕ್ಕ ಎದ್ದಳು. "ನನ್ನ ತಮ್ಮಗ ತಲಿ ಕೆಟ್ಟೈತ್ರಿ," ಅಂದಳು. "ಈಗಿಂದಲ್ಲ, ಎಂಟು ವರ್ಷಾತು. ಹುಚ್ಚ ಅದಾನ್ರಿ ಅವ. ಇಷ್ಟ ದಿನ ಮುಚ್ಚಿಟ್ಟೀವಿ."

ಪದ್ಮಿನಿ ಎದುರಿಗೆ ಕೂತವನ ಮುಖ ನೋಡಿದಳು, ಜಡ್ಜಿನ ಮುಖ ನೋಡಿದಳು. ಆಮೇಲೆ ಡಚ್ಚಿನಲ್ಲಿ ಮೆತ್ತಗೆ ಏನೋ ಹೇಳಿದಳು. ತಮ್ಮ ಕೆಲವು ದಿನಗಳಿಂದ ಒತ್ತಡದಲ್ಲಿದ್ದಾನೆ, ತುಂಬಾ ದಣಿದಿದ್ದಾನೆ ಅಂತ. ಅವಳದು ಕೆಟ್ಟ ಮನಸ್ಸಲ್ಲ. ಹುಚ್ಚ ಅನ್ನುವ ಮಾತು ಅವಳ ಬಾಯಲ್ಲಿ ಬರಲಿಲ್ಲ, ಅಷ್ಟೇ. ನಮ್ಮವರ ಮಾನ ಪರದೇಶದ ಕೋರ್ಟಿನಲ್ಲಿ ಹೋಗಬಾರದು ಅಂತ ಅನ್ನಿಸಿತೋ ಏನೋ. ಆದರೆ ದಣಿವು ಅನ್ನುವುದಕ್ಕೆ ಡಚ್ಚಿನಲ್ಲಿ ಏನನ್ನುತ್ತಾರೆ ಅಂತ ಹೋಟೆಲು ತೊಳೆಯುವ ಹೆಂಗಸಿಗೆ ಗೊತ್ತಿರುವುದಿಲ್ಲವೇ? ಪೋಲೆಂಡಿನವಳು, ಮೊರಾಕ್ಕೊದವಳು, ಎಲ್ಲಾ ಲಿಫ್ಟಿನಲ್ಲಿ ಗೋಡೆಗೆ ಒರಗಿ ದಿನಾ ಆಡುವ ಮಾತೇ ಅದು.

"ಸಾಕು ನಿಲ್ಲಸ್ರಿ," ಅಂದಳು ಶಿವಕ್ಕ. "ನಿಮ್ಮ ಮಾತು ನನಗ ಬ್ಯಾಡ. ನಾನ ಹೇಳ್ತೀನಿ."

ಕಕ್ಕಸಿನಲ್ಲಿ, ಕಾರಿಡಾರಿನಲ್ಲಿ, ಲಾಂಡ್ರಿಯಲ್ಲಿ ಕಲಿತ ಡಚ್ಚು ಅವಳದು. ಅದರಲ್ಲಿ ನಿನ್ನೆ ನಾಳೆ ಇಲ್ಲ, ಬರೀ ವಸ್ತುಗಳಿವೆ. ಅದನ್ನೇ ತೆಗೆದು ಒಂದೊಂದಾಗಿ ಜಡ್ಜಿನ ಮುಂದೆ ಇಟ್ಟಳು. ನನ್ನ ತಮ್ಮ. ದಣಿವು ಇಲ್ಲ. ತಲೆ ರೋಗ. ದೊಡ್ಡ ರೋಗ. ನಾನು ಪೊಲೀಸಿಗೆ ಸುಳ್ಳು. ನಾನು ಅವನಿಗೆ ಹೇಳು: ಚೊಕ್ಕ ಕೂಡು, ಡಾಕ್ಟರಿಗೆ ಸುಳ್ಳು. ನಾನು ಅಂಗಿ. ತಪ್ಪು ನಾನು. ಅವನು ಆಸ್ಪತ್ರೆ, ದಯವಿಟ್ಟು. ಇಲ್ಲಿ ನೋಡಿ, ಅವನು ಹಲ್ಲು.

ತೋಳು ಮೇಲೆತ್ತಿ ಮುಂಗೈ ತೋರಿಸಿದಳು. ಜಡ್ಜು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು. ಆ ಕೈಯ ಮೇಲೆ ಕಲೆಗೇನು ಬರವೇ? ಬ್ಲೀಚು ಸುಟ್ಟದ್ದು, ಇಸ್ತ್ರಿ ಸುಟ್ಟದ್ದು, ಟ್ರಾಲಿಗೆ ಸಿಕ್ಕು ಸುಲಿದದ್ದು. ಅದರಲ್ಲಿ ತಮ್ಮನ ಹಲ್ಲು ಯಾವುದು ಅಂತ ಜಡ್ಜಿಗೆ ಹೇಗೆ ತಿಳಿಯಬೇಕು. ಥ್ಯಾಂಕ್ಯೂ ಅಂದಳು, ಕುಳಿತುಕೊಳ್ಳಿ ಅಂದಳು.

ಇಲ್ಲಿನ ಕೋರ್ಟಿನಲ್ಲಿ ಕೊನೆಯ ಮಾತು ಆರೋಪಿಯದು. ಯಾರು ಏನೇ ಹೇಳಿರಲಿ, ಮುಗಿಸುವ ಮುಂಚೆ ಅವನನ್ನು ಕೇಳಲೇಬೇಕು. ಸಿದ್ಧಾರೂಢ ಎದ್ದು ನಿಂತ. ಒಂದೇ ಕ್ಷಣ ಅವನ ಕಣ್ಣು ಮೇಲಿನ ದೀಪದ ಕಡೆ ಹೋಗಿ ಬಂತು. ಶಿವಕ್ಕ ಒಬ್ಬಳೇ ಅದನ್ನು ನೋಡಿದಳು. ಆಮೇಲೆ ಅವನು ತೊಳೆದ ಮುತ್ತಿನಂಥ ಇಂಗ್ಲಿಷಿನಲ್ಲಿ ಹೇಳಿದ:

"ಮಾನ್ಯರೇ, ಗಾರ್ಡಿನ ಕ್ಷಮೆ ಕೇಳುತ್ತೇನೆ. ನಾನು ಆರೋಗ್ಯವಾಗಿದ್ದೇನೆ. ನನ್ನ ಅಕ್ಕನಿಗೆ ಆರಾಮಿಲ್ಲ. ಅವಳು ಬಹಳ ದುಡಿಯುತ್ತಾಳೆ, ಇಲ್ಲದ್ದನ್ನೆಲ್ಲ ಕಲ್ಪಿಸಿಕೊಂಡು ಹೇಳುತ್ತಾಳೆ. ದಯವಿಟ್ಟು ಅವಳಿಗೆ ಒಬ್ಬ ವೈದ್ಯರನ್ನು ಗೊತ್ತುಮಾಡಿ ಕೊಡಿ."

ಮರೈಕೆ ಕಣ್ಣು ಮುಚ್ಚಿಕೊಂಡಳು. ಜಡ್ಜಿನ ಮುಖದ ಮೇಲೆ ಅಯ್ಯೋ ಪಾಪ ಅನ್ನುವ ಭಾವ ಬಂತು. ಅದು ಶಿವಕ್ಕನ ಮೇಲೆ.

ತೀರ್ಪು ಆಗಲೇ ಬಂತು. ಆರೋಪಿ ಸ್ಪಷ್ಟವಾಗಿ ಮಾತಾಡುತ್ತಾನೆ, ತನ್ನವರ ಬಗ್ಗೆ ಕಾಳಜಿ ಇದೆ, ಮತ್ತೊಂದು ಪರೀಕ್ಷೆಗೆ ಆಧಾರ ಕಾಣುವುದಿಲ್ಲ. ಆಧಾರ ಇದ್ದರೂ ಅವನನ್ನು ತೆಗೆದುಕೊಳ್ಳುವ ಜಾಗ ಇಲ್ಲ ಅಂತ ವಕೀಲರೇ ಒಪ್ಪಿದ್ದಾರೆ. ಎಂಟು ತಿಂಗಳು ಜೈಲು. ಆಮೇಲೆ ವಲಸೆ ಇಲಾಖೆಯವರು ಅವನನ್ನು ವಿಮಾನ ಹತ್ತಿಸುತ್ತಾರೆ. ಜಡ್ಜು ಇದನ್ನು ಗದರಿಸಿ ಹೇಳಲಿಲ್ಲ. ಗೌಡರ ಹಾಗೆ ಕಾಲ ಮೇಲೆ ಕಾಲು ಹಾಕಿ ಹೇಳಲಿಲ್ಲ. ಮೆಲ್ಲಗೆ, ವಿಷಾದದಿಂದ ಹೇಳಿದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವರಿಗೆ ಏನಂತ ಬೈಯುವುದು?

ತಮ್ಮನನ್ನು ಒಳಬಾಗಿಲಿನಿಂದ ಕರಕೊಂಡು ಹೋದರು. ಅವನು ಶಿಸ್ತಿನಿಂದ ನಡೆದು ಹೋದ. ಶಿವಕ್ಕ ಹಿಂದೆ ಹೋಗಲಿಕ್ಕೆ ನೋಡಿದಳು. ಗಾರ್ಡು ಅಂಗೈ ಅಡ್ಡ ಇಟ್ಟ, ಸಾರಿ ಮೇಡಂ ಅಂದ.

ಹೊರಗೆ ಕಾರಿಡಾರಿನಲ್ಲಿ ಕೋರ್ಟಿನ ಒಬ್ಬ ಹೆಂಗಸು ನೀರು ಹಿಡಕೊಂಡು ಬಂದಳು. ಬಂಗಾರದ ಕೂದಲು, ಬಹಳ ಮಿದು ದನಿ. ಇವಳನ್ನು ಬೆಂಚಿನ ಮೇಲೆ ಕೂರಿಸಿ, ಪದ್ಮಿನಿಯ ಬಾಯಿಂದ ಕೇಳಿದಳು: ನಿಮಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತದೆಯೇ, ಜಡ್ಜು ಕೂಡ ನಿಮ್ಮ ಬಗ್ಗೆ ಚಿಂತೆ ಮಾಡಿದರು. ಆರೋಗ್ಯ ವಿಮೆ ಇದೆಯೇ? ಇದೆ. ಇಲ್ಲಿರುವ ಪರ್ಮಿಟ್? ಗಂಡನ ಜೊತೆ, ಮುಂದಿನ ವರ್ಷದ ತನಕ. ಆ ಹೆಂಗಸಿನ ಮುಖ ಅರಳಿತು. ಹಾಗಾದರೆ ಏನೂ ತೊಂದರೆಯಿಲ್ಲ, ನಿಮ್ಮ ಡಾಕ್ಟರಿಗೆ ಹೇಳಿದರೆ ಸಾಕು, ಮನಸ್ಸಿನ ತಜ್ಞರ ಹತ್ತಿರ ಕಳಿಸುತ್ತಾರೆ. ನಿಮಗೆ ಅದು ಸಿಗುತ್ತದೆ.

ಪದ್ಮಿನಿ ಈ ಸಲ ಒಂದು ಅಕ್ಷರವನ್ನೂ ಬದಲಿಸಲಿಲ್ಲ.

ಶಿವಕ್ಕ ಆ ಹೆಂಗಸಿನ ಮುಖವನ್ನೇ ನೋಡಿದಳು. "ನನಗ ಸಿಗೂದನ್ನ ಅವಗ ಕೊಡ್ರಿ," ಅಂದಳು. "ನಾ ಜೈಲಿಗೆ ಹೋಗ್ತೀನಿ."

ಹಾಗೆ ಆಗುವುದಿಲ್ಲ, ಅದು ಆಯಾ ವ್ಯಕ್ತಿಗೆ ಮಾತ್ರ ಅಂತ ಉತ್ತರ ಬಂತು. ನಗುತ್ತಾ ಅಲ್ಲ, ಸಿಟ್ಟಿನಿಂದಲೂ ಅಲ್ಲ, ನಿಜವಾಗಿ ತಿಳಿಸಿ ಹೇಳುವ ಹಾಗೆ.

ಶಿವಕ್ಕ ಬೆಂಚಿನಿಂದ ಜಾರಿ ನೆಲದ ಮೇಲೆ ಕೂತಳು. ಯಾರೋ ಒರೆಸಿದ ಆ ಚೊಕ್ಕ ನೆಲದ ಮೇಲೆ ಕಾಲು ಚಾಚಿ ಕೂತಳು. ಸೆರಗು ಜಾರಿತು, ಎತ್ತಿಕೊಳ್ಳಲಿಲ್ಲ. ತುರುಬು ಬಿಚ್ಚಿತು, ಕಟ್ಟಲಿಲ್ಲ. ಹೆಣದ ಮನೆಯಲ್ಲಿ ಅಳುವ ಹಾಗೆ ಎದೆ ಬಡಕೊಂಡು ಅಳಲಿಕ್ಕೆ ಹತ್ತಿದಳು. ಆ ಕಟ್ಟಡದಲ್ಲಿ ಅಂಥ ದನಿ ಯಾರೂ ಕೇಳಿರಲಿಕ್ಕಿಲ್ಲ. ಕೋಟು ಹಾಕಿದವರು ಬಾಗಿಲುಗಳಿಂದ ಹೊರಗೆ ಬಂದು ನಿಂತರು. ಇಬ್ಬರು ಗಾರ್ಡು ಓಡಿ ಬಂದು, ಮುಟ್ಟಲೋ ಬೇಡವೋ ಅಂತ ಕೈ ಚಾಚಿಕೊಂಡು ನಿಂತರು. ಏಳಿ ಮೇಡಂ ಅಂದರು. ಏಳುವುದಿಲ್ಲ ಅಂದಳು. ಅವನಿಗೆ ಡಾಕ್ಟರು ಬರುವ ತನಕ ಏಳುವುದಿಲ್ಲ. ಅವನಿಗೆ ಡಾಕ್ಟರು ಬರುವುದಿಲ್ಲ ಅನ್ನುವುದು ಅವಳಿಗೂ ಗೊತ್ತಿತ್ತು.

ಪದ್ಮಿ‍ನಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅವಳ ಭುಜ ಮುಟ್ಟಿದಳು. ಅವಳ ಕಣ್ಣಲ್ಲೂ ನೀರಿತ್ತು. "ಏಳಿ ಶಿವಕ್ಕ, ಪ್ಲೀಸ್. ಹೀಗೆಲ್ಲಾ ಮಾಡ್ಬಾರ್ದು. ಎಲ್ಲಾರೂ ನೋಡ್ತಾ ಇದಾರೆ."

"ನೋಡ್ಲಿ," ಅಂದಳು ಶಿವಕ್ಕ. "ಯಾರೂ ನೋಡಬಾರದು ಅಂತ ಮಾಡೇ ನನ್ನ ಕೂಸನ್ನ ಇಲ್ಲಿಗೆ ತಂದು ಹಾಕಿದೆ. ನೋಡ್ಲಿ ಎಲ್ಲಾರೂ."

ಕಟ್ಟಡದ ಹಿಂದಿನ ಗೇಟಿನಿಂದ ಜೈಲಿನ ವ್ಯಾನು ಹೊರಟಿತು. ಅದಕ್ಕೆ ಕಿಟಕಿ ಇರಲಿಲ್ಲ.